ಬಲತೊಡೆಯ ದಿಂಬು

ಮೊನ್ನೆ ಟ್ರಂಕು ಖಾಲಿ ಮಾಡುವಾಗ ತಳದಲ್ಲಿ ಗೇಣಗಲದ ದಿಂಬೊಂದು ಸಿಕ್ಕಿತು. ಹಳೇ ಸೀರೆಯ ಬಟ್ಟೆ, ಒಳಗೆ ಹತ್ತಿ, ನಾಲ್ಕು ಮೂಲೆಗೂ ಲಾಡಿ. ಮೂಸಿದೆ. ಮುಖಕ್ಕೆ ಬಳಿಯುವ ಬಣ್ಣದ ಜಿಡ್ಡು ವಾಸನೆ ಇನ್ನೂ ಇತ್ತು... "ಏನಜ್ಜಿ ಇದು, ಬೆಕ್ಕಿನ ಹಾಸಿಗೇನಾ?" ಅಂದಳು ಮೊಮ್ಮಗಳು. ರಾಜನ ತೊಡೆಗೆ ಕಟ್ಟೋದು ಅಂದೆ. ನಕ್ಕಳು.

ಆ ರಾಜ ನಮ್ಮ ಪಕ್ಕದ ಮನೆಯವನು. ತೊಂಬತ್ತರ ದಶಕದ ಕೊನೆಯ ಮಾತು. ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಕಾದ ಮರಳಿನ ಮುಂದೆ ನಿಂತು ದುಡಿಯುತ್ತಿದ್ದ. ವರ್ಷಕ್ಕೊಮ್ಮೆ ನಾಟಕದಲ್ಲಿ ತೊಡೆ ಮುರಿದು ಬೀಳುವ ರಾಜನಾಗುತ್ತಿದ್ದ. ಉಳಿದ ದಿನಗಳನ್ನು ಅದಕ್ಕಾಗಿಯೇ ತಳ್ಳುತ್ತಿದ್ದ. ವೈರಿಯ ಪಾತ್ರ ಹರಿಹರದವನೊಬ್ಬನದು. ರಾಜನ ಪಾತ್ರದ ಮೇಲೆ ಅವನಿಗೂ ಕಣ್ಣು. "ವಯಸ್ಸಾತು, ಕಿರೀಟ ಇಳಸೋ" ಎಂದು ತಾಲೀಮಿನಲ್ಲೇ ಚುಚ್ಚುತ್ತಿದ್ದ. "ಮೊದ್ಲು ಗದೆ ನೆಟ್ಟಗೆ ಹಿಡಿಯಾದು ಕಲಿಯಲೇ" ಅನ್ನುತ್ತಿದ್ದ ನಮ್ಮವನು.

ಕಥೆಯಲ್ಲಿ ಸೊಂಟದ ಕೆಳಗೆ ಹೊಡೆಯಬಾರದೆಂದು ವೈರಿಗಳ ನಡುವೆ ಮಾತಾಗಿರುತ್ತದೆ. ಕೊನೆಗೆ ಪಕ್ಕದಲ್ಲಿ ನಿಂತವನೊಬ್ಬ ಸುಮ್ಮನೆ ತನ್ನ ತೊಡೆ ತಟ್ಟಿ ತೋರಿಸುತ್ತಾನೆ. ಏಟು ಅಲ್ಲಿಗೇ ಬೀಳುತ್ತದೆ. ಗದೆ ಮರದ್ದು. ಅದಕ್ಕೇ ತಂಡದಲ್ಲೊಂದು ಕಟ್ಟಳೆ: ಏಟು ಯಾವಾಗಲೂ ಬಲತೊಡೆಗೆ. ಬಣ್ಣ ಹಚ್ಚುವ ಮೊದಲು ವೈರಿಗಳಿಬ್ಬರೂ ಒಂದೇ ಎಲೆಯಲ್ಲಿ ಮಂಡಕ್ಕಿ ತಿನ್ನಬೇಕು. ತಿಂದ ಮೇಲೆ ಸ್ವಂತ ಸಿಟ್ಟನ್ನು ರಂಗದ ಮೇಲೆ ತರುವ ಹಾಗಿಲ್ಲ. ಎಲ್ಲರ ಉಡುಪು ಹೊಲಿಯುತ್ತಿದ್ದವಳು ನಾನು.

ಆ ವರ್ಷ ಆಟ ಹರಿಹರದಲ್ಲಿ, ಮಧ್ಯಾಹ್ನ. ಎಂಟು ದಿನ ಮೊದಲು ಭಟ್ಟಿಯಲ್ಲಿ ನಮ್ಮವನ ಎಡತೊಡೆಯ ಮೇಲೆ ಕಾದ ಮರಳು ಬಿದ್ದು ಚರ್ಮ ಸುಲಿದಿತ್ತು. ಬಟ್ಟೆ ಸೋಕಿದರೂ ಹಲ್ಲು ಕಚ್ಚುತ್ತಿದ್ದ. ಅಲ್ಲಿ ದಿಂಬು ಕಟ್ಟುವಂತಿರಲಿಲ್ಲ. ಬಲಕ್ಕೆ ಮಾತ್ರ ಹೊಸದೊಂದು ಹೊಲಿದುಕೊಟ್ಟೆ. "ಅಕ್ಕಾ, ಯಾರಿಗೂ ಹೇಳಬ್ಯಾಡ್ರಿ. ಗೊತ್ತಾದ್ರೆ ಪಾತ್ರ ಕಿತ್ಕಂತಾರೆ" ಅಂದ. ಹ್ಞೂಂ ಅಂದಿದ್ದೆ.

ಬಣ್ಣದ ಕೋಣೆಯಲ್ಲಿ ಇಬ್ಬರೂ ಮಂಡಕ್ಕಿ ತಿಂದೆದ್ದರು. ಹರಿಹರದವನು ನನ್ನ ಹತ್ತಿರ ಬಂದ. "ಯಾಕ್ರಕ್ಕಾ, ನಿಮ್ಮ ರಾಜ ಕುಂಟ್ತಾನೆ?"

ಗೊತ್ತಿಲ್ಲದೆ ಅಲ್ಲಿಗೇ ತಗುಲಿಸಿಬಿಟ್ಟರೆ ಎಂದು ನನಗೆ ಭಯ. "ಎಡತೊಡೆ ಸುಟ್ಟೈತೆ. ಅತ್ಲಾಗೆ ಗದೆ ಒಯ್ಯಬ್ಯಾಡಪ್ಪ" ಅಂದೆ. ನನ್ನ ತೊಡೆಯನ್ನೇ ತಟ್ಟಿ ತೋರಿಸಿದೆ.

"ಒಂದೇ ಎಲೆಯಾಗೆ ತಿಂದೀವಿ, ಬಿಡ್ರಿ" ಅಂದ.

ಏಟು ಎಡತೊಡೆಗೆ ಬಿತ್ತು. ಜನ ಚಪ್ಪಾಳೆ ತಟ್ಟಿದರು. ಅಂಥ ಕೂಗನ್ನು ಅವರು ಯಾವ ಆಟದಲ್ಲೂ ಕೇಳಿರಲಿಲ್ಲ. ಬಿದ್ದಲ್ಲಿಂದಲೇ ಅವನು ಉಳಿದ ಮಾತನ್ನೆಲ್ಲ ಹೇಳಿ ಮುಗಿಸಿದ, ಒಂದಕ್ಷರ ಬಿಡದೆ...

ಪರದೆ ಇಳಿದ ಮೇಲೆ ಹೊತ್ತು ತಂದರು. ದಿಂಬಿನ ಲಾಡಿ ಬಿಚ್ಚಲು ನಾನು ಬಗ್ಗಿದೆ. ಗದೆಯವನ ಕಡೆ ಅವನು ತಿರುಗಲೂ ಇಲ್ಲ. ನನ್ನನ್ನು ನೋಡಿದ. "ಅವ್ನು ಹೆಂಗೂ ವೈರಿ. ನೀವ್ಯಾಕ್ರಿ ಅಕ್ಕಾ?"

ಒಳ್ಳೆಯದಕ್ಕೇ ಹೇಳಿದೆ ಎನ್ನಬಹುದಿತ್ತು. ಲಾಡಿ ಬಿಚ್ಚಿ ದಿಂಬನ್ನು ನನ್ನ ಚೀಲಕ್ಕೆ ಹಾಕಿಕೊಂಡೆ. ಹೇಳಬೇಡ ಅಂದದ್ದನ್ನು ಹೇಳಿದ್ದೆ, ಅಷ್ಟೇ.

ಗಾಯ ಕೀವಾಗಿ ಕಾಲು ಸೆಟೆಯಿತು. ಮರುವರ್ಷ ಕಿರೀಟ ಹರಿಹರದವನ ತಲೆಗೇರಿತು; ಅವನ ಉಡುಪಿಗೆ ನಾನು ಸೂಜಿ ಹಿಡಿಯಲಿಲ್ಲ. ಅದರಿಂದ ಯಾರಿಗೂ ಏನೂ ಆಗಲಿಲ್ಲ. ನಮ್ಮವನು ಆನಗೋಡಿನ ತಮ್ಮನ ಮನೆ ಸೇರಿದ. ನನಗೆ ಹೇಳಿ ಹೋಗಲಿಲ್ಲ. ತೀರಿಕೊಂಡ ಸುದ್ದಿಯೂ ತಿಂಗಳಾದ ಮೇಲೆ ಯಾರದೋ ಬಾಯಿಂದ ಬಂತು...

ಮೊಮ್ಮಗಳು ಹೋದ ಮೇಲೆ ದಿಂಬನ್ನು ಬೆಳಕಿಗೆ ಹಿಡಿದು ನೋಡಿದೆ. ಒತ್ತೊತ್ತಾಗಿ ಹಾಕಿದ ನನ್ನದೇ ಹೊಲಿಗೆ. ಒಂದು ಏಟೂ ಬಿದ್ದಿಲ್ಲ. ಹತ್ತಿ ಇನ್ನೂ ಉಬ್ಬಿಕೊಂಡೇ ಇದೆ.