ಬೆಲ್ಲದ ಕೊಪ್ಪರಿಗೆಯಲ್ಲಿ ಬಂದ ನರ್ಸಬಾಯಿ

ಬೆಲ್ಲ ಕಾಯಿಸುವ ನಮ್ಮ ಕೊಪ್ಪರಿಗೆಯಲ್ಲಿ ಕೂತು, ತುಂಬಿದ ಘಟಪ್ರಭೆಯನ್ನು ದಾಟಿ, ಗೋಕಾಕದ ದವಾಖಾನೆಯ ನರ್ಸಬಾಯಿ ನನ್ನ ಹಾಸಿಗೆಯ ಬಳಿಗೆ ಬಂದರು. ಮಹಾಪೂರದಿಂದ ನಮ್ಮೂರು ನಡುಗಡ್ಡೆಯಾಗಿತ್ತು. ಮೂರು ತಿಂಗಳ ಬಸಿರು ಹೋಗಿ ಎರಡು ದಿನವಾದರೂ ನನಗೆ ರಕ್ತ ನಿಂತಿರಲಿಲ್ಲ. ಹೋದ ಬಸಿರಿಗಾಗಿ ಯಾರು ಹೊಳೆ ದಾಟಿ ಬಂದಾರು ಎಂದುಕೊಂಡು ಅತ್ತೆ ‘ಹೆರಿಗೆ’ ಎಂದೇ ಹೇಳಿ ಕಳಿಸಿದ್ದರು.

ಈಗ ಅಳುತ್ತ ಒಪ್ಪಿಕೊಂಡರು: “ಸುಳ್ಳ ಹೇಳೇನ್ರಿ ಬಾಯಾರ, ಕೂಸ ಇಲ್ಲರಿ.”

ನರ್ಸಬಾಯಿ ಕಚ್ಚೆ ಸೀರೆಯ ಒದ್ದೆ ಸೆರಗನ್ನು ಹಿಂಡುತ್ತ ಗದರಿದರು: “ಸೊಸಿ ಅದಾಳಲ್ಲ? ಬಿಸಿನೀರ ತರ್ರಿ ಮೊದಲ. ಖರೆ ಹೇಳಿದ್ರೂ ಬರ್ತಿದ್ನಿ.”

ನಾನು ಉಳಿದೆ. ಈಗ ಮಳೆಗಾಲ ಬಂತೆಂದರೆ ಅತ್ತೆ ಆ ಕೊಪ್ಪರಿಗೆಯನ್ನು ಹೊಳೆದಂಡೆಯಲ್ಲೇ ಇಡಿಸುತ್ತಾರೆ. ಕೊಪ್ಪರಿಗೆ ಕೇಳಿ ಬಂದವರನ್ನು, ಹೆರಿಗೆಯೋ ಬಸಿರು ಹೋದದ್ದೋ ಎಂದು ಒಮ್ಮೆಯೂ ವಿಚಾರಿಸಿಲ್ಲ.