ಮಡಿಕೇರಿ ಬಸ್ಸನ್ನು ಕೇಳದೆ ದೋಣಿ ಬಿಡದವರು

ಕಾವೇರಮ್ಮನು ಬೆಟ್ಟ ಇಳಿದು, ಕೂಡಿಗೆಯಲ್ಲಿ ಹಾರಂಗಿಯನ್ನು ಕೂಡಿಕೊಂಡು, ಶಿರಂಗಾಲದ ಬಳಿ ನಮ್ಮ ಕೊಡಗು ರಾಜ್ಯಕ್ಕೂ ಮೈಸೂರು ಸೀಮೆಗೂ ನಡುವೆ ಹರಿಯುವ ಕಡೆ, ಜನ ದೋಣಿಯಲ್ಲಿ ಹೊಳೆ ದಾಟುವ ಒಂದು ಕಡವು ಇದೆ. ಆ ಕಡವಿನ ಮೇಲ್ವಿಚಾರಕರಾಗಿ, ಚೀಫ್ ಕಮಿಷನರ ಕಾಲದಿಂದ ಇಂದಿನ ಮಂತ್ರಿಗಳ ಕಾಲದವರೆಗೆ ದುಡಿದು, ಈ ಶ್ರಾವಣದಲ್ಲಿ ನಿವೃತ್ತರಾಗುತ್ತಿರುವ ಬಿಟ್ಟಂಗಾಲದ ಶ್ರೀ ಬೆಳ್ಳಿಯಪ್ಪನವರನ್ನು ಕುರಿತು ನಾಲ್ಕು ಮಾತು ಬರೆಯಬೇಕೆಂದು ಅಭಿನಂದನ ಸಮಿತಿಯವರು ನನಗೆ ಅಪ್ಪಣೆ ಮಾಡಿದ್ದಾರೆ. ನಾನು ಅವರ ಕೈಕೆಳಗೆ ದೋಣಿಯ ಗಳ ಹಿಡಿದವನು. ಕೂಲಿಮಠದಲ್ಲಿ ಎರಡು ಮಳೆಗಾಲ ಕಲಿತ ಅಕ್ಷರ ನನ್ನದು. ತಪ್ಪಿದ್ದರೆ ಮೇಷ್ಟ್ರು ತಿದ್ದಲಿ. ಅಕ್ಷರ ಮಾತ್ರ ತಿದ್ದಲಿ, ಮಾತನ್ನು ತಿದ್ದುವುದು ಬೇಡ.

ಸಮಿತಿಯ ಅಧ್ಯಕ್ಷರಾದ ಪಟೇಲ್ ಪುಟ್ಟರಾಜುರವರು ನನ್ನ ಜಗುಲಿಗೆ ಬಂದು ಹೀಗೆ ಹೇಳಿ ಹೋದರು: “ಸಣ್ಣಸ್ವಾಮಣ್ಣ, ಶಾಂತಮೂರ್ತಿ, ಮಿತಭಾಷಿ ಅಂತೆಲ್ಲ ಬರಿ. ಆ ದೋಣಿ ವಿಚಾರ ಮಾತ್ರ ಎತ್ತಬ್ಯಾಡ ಕಣಣ್ಣ, ಶುಭಕಾರ್ಯ.”

ಶಾಂತಮೂರ್ತಿಯಂತೆ! ಈ ಕಡವನ್ನು ದಾಟಿದವರಲ್ಲಿ ಬೆಳ್ಳಿಯಪ್ಪನವರ ಬೈಗುಳ ತಿನ್ನದವರು ಒಬ್ಬರಿದ್ದರೆ ಮುಂದೆ ಬರಲಿ. ಪಲ್ಟನ್ನಿನಲ್ಲಿ ಪಳಗಿದ ಆ ಗಂಟಲು ಈ ದಡದಲ್ಲಿ ಎದ್ದರೆ ಆಚೆ ದಡದ ಎಮ್ಮೆಗಳು ತಲೆ ಎತ್ತುತ್ತಿದ್ದವು. ಕಂಬಳಿ ಬಿಗಿದು ಕಟ್ಟಿಕೊಂಡು ಹತ್ತಿದರೆ ಬೈಗುಳ, ದೋಣಿಯಲ್ಲಿ ಎದ್ದು ನಿಂತರೆ ಬೈಗುಳ, ಮಗುವನ್ನು ಬೆನ್ನಿಗೆ ಗಂಟು ಹಾಕಿದ್ದರೆ ತಾಯಿಗೂ ಬೈಗುಳ, ಆಮೇಲೆ ದಡ ಮುಟ್ಟುವ ತನಕ ಆ ಮಗು ಅವರದೇ ತೊಡೆಯ ಮೇಲೆ. ಒಮ್ಮೆ ಹೊಸ ಬೂಟು ಹಾಕಿಕೊಂಡು ಬಂದ ಹುಡುಗನನ್ನು ತಡೆದು, “ಬೂಟು ಬಿಚ್ಚಯ್ಯ” ಎಂದರು. “ಮದುಮಗ ನಾನು ಸ್ವಾಮಿ” ಎಂದ ಅವನು. “ಮುಳುಗಿದ ಮೇಲೆ ಹೊಳೆ ಕೇಳೋದಿಲ್ಲ ಮಾರಾಯ, ಮದುಮಗನೋ ಮುದುಕನೋ ಅಂತ. ಬಿಚ್ಚು!” ಅವನು ಬೂಟನ್ನು ಕಂಕುಳಲ್ಲಿಟ್ಟುಕೊಂಡು ಮಾವನ ಮನೆಗೆ ಹೋದ.

ನನ್ನ ಹೆಂಡತಿ ಚಳಿಜ್ವರದಲ್ಲಿ ಮಲಗಿದ್ದಾಗ, “ಮನೆಗೆ ಹೋಗು, ಇಲ್ಲಿ ನಿಂತು ಮುಖ ಒಣಗಿಸಬೇಡ” ಎಂದು ಗದರಿ, ಅವಳು ಏಳುವವರೆಗೆ ನನ್ನ ಗಳವನ್ನು ತಾವೇ ಹಿಡಿದರು. ನಾನು ಹಿಂತಿರುಗಿದ ದಿನ ಸಿಕ್ಕ ಮಾತು, “ಇಷ್ಟು ಕೆಟ್ಟ ಗಳ ಇಟ್ಟುಕೊಂಡು ಇಷ್ಟು ವರ್ಷ ಹೇಗೆ ಬದುಕಿದೆ?” ಸಂಜೆಗೆ ಹೊಸ ಬಿದಿರು ಕಡಿಸಿ ತಂದಿದ್ದರು.

ಅವರು ಹೊಳೆ ನೋಡುತ್ತಿದ್ದ ರೀತಿಯನ್ನು ಹೇಳಬೇಕು. ನಾವು ಹಾಸನದ ಬಯಲಿನಿಂದ ಬಂದ ಒಕ್ಕಲು. ತಲೆಯ ಮೇಲೆ ಬಿಸಿಲಿದ್ದರೆ ನೀರಿಗೆ ಭಯವಿಲ್ಲ ಎನ್ನುವುದು ನಮ್ಮ ಹಿರಿಯರು ಕೆರೆ ನೋಡಿ ಕಲಿತು ತಂದ ಬುದ್ಧಿ. ಇಲ್ಲಿಯದು ಕೆರೆಯಲ್ಲ. ಶಿರಂಗಾಲದಲ್ಲಿ ಹಪ್ಪಳ ಒಣಗುತ್ತಿರುವಾಗಲೇ ಮಡಿಕೇರಿ, ಭಾಗಮಂಡಲದ ಮಳೆ ದಾರಿಯಲ್ಲಿರುತ್ತದೆ. ಬೆಳ್ಳಿಯಪ್ಪನವರು ಬಂಡೆಗೆ ಒಂದು ಸುಣ್ಣದ ಪಟ್ಟೆ ಬಳಿದಿದ್ದರು. ನೀರು ಅದನ್ನು ಮುಟ್ಟಿದರೆ ದೋಣಿ ನಿಂತಿತು. ಆದರೆ ಪಟ್ಟೆಯನ್ನು ನೋಡುವ ಮೊದಲು ಮಡಿಕೇರಿ ಬಸ್ಸಿಗೆ ಕಾಯುತ್ತಿದ್ದರು. ಬಸ್ಸಿನ ಮೇಲಿನ ಟಾರ್ಪಾಲನ್ನು ಕೈಯಿಂದ ಹಿಂಡಿ ನೋಡಿ, ಡ್ರೈವರ್ ಮೊಣ್ಣಪ್ಪನವರನ್ನು ತಮ್ಮ ಭಾಷೆಯಲ್ಲಿ ಮೇಲಿನ ಮಳೆಯ ಸಮಾಚಾರ ಕೇಳಿ, ಆಮೇಲೆ ಹೊಳೆಯಲ್ಲಿ ತರಗೆಲೆ ಹೋಗುವ ದಾರಿಯನ್ನು ನೋಡುತ್ತಿದ್ದರು. ಏರುವ ಹೊಳೆ ತರಗೆಲೆಯನ್ನು ನಡುವಿಗೆ ಎಳೆಯುತ್ತದೆ, ಇಳಿಯುವ ಹೊಳೆ ದಡಕ್ಕೆ ತಳ್ಳುತ್ತದೆ. ಇಷ್ಟೇ. ಇದರಲ್ಲಿ ಗುಟ್ಟಿಲ್ಲ. ಕೇಳಿದವರಿಗೆಲ್ಲ ಹೇಳಿದ್ದಾರೆ, ಕೇಳದವರಿಗೂ ಕೂಗಿ ಹೇಳಿದ್ದಾರೆ.

ಮೂರು ವರ್ಷದ ಹಿಂದೆ, ಹೊಳೆ ತುಂಬಿದ ದಿನ, ಊರವರು ಬಾಗಿನ ತಂದರು. ಡೋಲು, ವಾಲಗ, ಮೊರ ಹಿಡಿದ ಮುತ್ತೈದೆಯರು. ಅವರಲ್ಲಿ ನನ್ನ ತಂಗಿ ಲಿಂಗಮ್ಮನೂ ಇದ್ದಳು. ದೋಣಿಯಲ್ಲಿ ನಡುಹೊಳೆಗೆ ಹೋಗಿ ಬಾಗಿನ ಬಿಡುವುದು ನಮ್ಮ ಊರಿನ ಪದ್ಧತಿ. ಬೆಳ್ಳಿಯಪ್ಪನವರು ದೋಣಿಗೆ ಅಡ್ಡ ನಿಂತರು.

“ಅಲ್ಲ ಬೆಳ್ಳಿಯಪ್ಪನೋರೆ, ನೆತ್ತಿ ಸುಡೋ ಬಿಸಿಲು” ಎಂದರು ಪಟೇಲರು. “ನಿಮ್ಮ ಪಟ್ಟೆ ಇನ್ನೂ ಒಂದು ಮೊಳ ಮ್ಯಾಲೈತೆ. ನಿಮ್ಮ ಲೆಕ್ಕದಲ್ಲೇ ಬಿಡಬೌದಲ್ಲ?”

“ಬಸ್ಸಿನ ಟಾರ್ಪಾಲು ಹಿಂಡಿ ನೋಡಿ ಪಟೇಲರೆ, ಒಂದು ಕೊಡ ನೀರು ಬೀಳ್ತದೆ. ಮಡಿಕೇರಿಯಲ್ಲಿ ಎದುರು ಮನೆ ಕಾಣೋದಿಲ್ಲ ಅಂತಾನೆ ಮೊಣ್ಣಪ್ಪ. ಅಲ್ಲಿ ಬಿದ್ದದ್ದು ಇಲ್ಲಿಗೆ ಬರಬೇಡವಾ?”

“ಬರೋ ಹೊತ್ಗೆ ನಾವು ಬಾಗಿನ ಬಿಟ್ಟು ಉಣ್ಣಕ್ಕೆ ಕೂತಿರ್ತೀವಿ.”

“ಹೊಳೆ ನಿಮ್ಮ ಊಟದ ಹೊತ್ತು ನೋಡಿಕೊಂಡು ಬರ್ತದಾ? ತರಗೆಲೆ ನೋಡಿ ಅಲ್ಲಿ, ನಡುವಿನಲ್ಲಿ ಸಾಲು ಕಟ್ಟಿ ಹೋಗ್ತಾ ಉಂಟು.”

ಗುಂಪಿನಿಂದ ಯಾರೋ, “ಬೆಟ್ಟದೋರಿಗೇನ್ ಗೊತ್ತು ನಮ್ಮ ಬಾಗಿನದ ಮರ್ಯಾದೆ!” ಎಂದು ಕೂಗಿದರು. ಬೆಳ್ಳಿಯಪ್ಪನವರ ಮುಖ ಕೆಂಪಾಯಿತು. “ಕಾವೇರಮ್ಮ ಹುಟ್ಟಿದ್ದೇ ನಮ್ಮ ಬೆಟ್ಟದಲ್ಲಿ! ತಾಯಿಗೆ ಸೀರೆ ಕೊಡೋದಕ್ಕೆ ಅವಳ ಎದೆ ಮೇಲೆ ಹತ್ತಬೇಕಾ? ಮೆಟ್ಟಿಲ ಮೇಲೆ ನಿಂತು ಕೊಡಿ!” ಎನ್ನುತ್ತ ನನ್ನ ಕೈಯ ಗಳವನ್ನೂ ದೋಣಿಯೊಳಗಿದ್ದ ಇನ್ನೊಂದನ್ನೂ ಕಿತ್ತು ಹೊಳೆಗೆ ಎಸೆದುಬಿಟ್ಟರು.

ಎಲ್ಲರೂ ಬೆಚ್ಚಿ ನಿಂತಾಗ ನಕ್ಕವಳು ಲಿಂಗಮ್ಮ ಒಬ್ಬಳೇ. “ಅಣ್ಣಾ, ನಮಗಿಂತ ಮೊದಲು ನಿಮ್ಮ ಸಾಹೇಬ್ರೇ ಬಾಗಿನ ಕೊಟ್ಬುಟ್ರಲ್ಲೋ!”

ಸಂಜೆಗೆ ನೀರು ಏರಿತು, ಪಟ್ಟೆಯನ್ನು ಮುಚ್ಚಿ ನಿಂತಿತು, ಅಷ್ಟೇ. ಮರ ಉರುಳಲಿಲ್ಲ, ಮನೆ ಕೊಚ್ಚಿಹೋಗಲಿಲ್ಲ. “ಇಷ್ಟಕ್ಕಾ?” ಎಂದಿತು ಊರು. ಸತ್ತವರಿದ್ದರೆ ತಾನೆ ಉಳಿಸಿದವನ ಮಾತಿಗೆ ಬೆಲೆ? ಬಾಗಿನದ ಮೊರಗಳನ್ನು ಅವರ ಬಾಗಿಲಲ್ಲಿ ಮುರಿದು ಹಾಕಿದರು. ದೇವರ ಕಾರ್ಯ ಕೆಡಿಸಿದರೆಂದು ಮೇಲಿನವರಿಗೆ ಅರ್ಜಿ ಹೋಯಿತು. ಬೆಳ್ಳಿಯಪ್ಪನವರನ್ನು ಮಲೆಯಾಳದ ಗಡಿಯ ಮಾಕುಟ್ಟದ ಗೇಟಿಗೆ, ಆನೆ ಜಿಗಣೆಗಳ ನಡುವೆ ಹಾಕಿದರು. ಕಡವು ಗುತ್ತಿಗೆಗೆ ಹೋಯಿತು. ಗುತ್ತಿಗೆದಾರ ತನ್ನ ಜನರನ್ನು ತಂದ, ನನಗೂ ಗಳ ತಪ್ಪಿತು.

ಮರುವರ್ಷ ಅದೇ ಬಾಗಿನ, ಅದೇ ಬಿಸಿಲು. ನಾನು ಕೂಡಿಗೆಯ ಗದ್ದೆಯಲ್ಲಿ ನಾಟಿಗೆ ಹೋಗಿದ್ದೆ. ಹಾರಂಗಿ ಕೆಂಪಾಗಿ ಬಂದು ಬೇರುಸಹಿತ ಮರವೊಂದನ್ನು ಹೊತ್ತು ಹೋಗುವುದನ್ನು ಕಂಡೆ. ಇವತ್ತು ಬಾಗಿನ ಎನ್ನುವುದು ನೆನಪಾಯಿತು. ಓಡಿದೆ, ನಡೆದೆ, ಮತ್ತೆ ಓಡಿದೆ. ಹೊಳೆ ನನಗಿಂತ ಮೊದಲು ಮುಟ್ಟಿತ್ತು. ಮರ ದೋಣಿಯ ಹೊಟ್ಟೆಗೆ ಬಡಿದಿತ್ತು. ಡೋಲಿನವನು ಡೋಲನ್ನೇ ಅಪ್ಪಿಕೊಂಡು ತೇಲಿ ಬದುಕಿದ. ಲಿಂಗಮ್ಮನೂ ಅವಳ ಪಕ್ಕ ಕೂತಿದ್ದ ಇಬ್ಬರು ಹೆಣ್ಣುಮಕ್ಕಳೂ ಬದುಕಲಿಲ್ಲ.

ಸುದ್ದಿ ಮಾಕುಟ್ಟ ಮುಟ್ಟಿ ಬೆಳ್ಳಿಯಪ್ಪನವರು ಬಂದರು. ಹೊಳೆ ಸುಳಿ ತಿರುಗಿ ಬಿಟ್ಟುಕೊಡುವ ಮಡುಗಳಲ್ಲಿ ಗಳ ಹಾಕಿ ಹುಡುಕಿ, ನನ್ನ ತಂಗಿಯನ್ನು ನನ್ನ ಕೈಗೆ ಕೊಟ್ಟರು. ಆಮೇಲೆ ಊರ ಕಡೆ ತಿರುಗಿ ಒಂದೇ ಮಾತು ಕೇಳಿದರು: “ಆ ದಿನ ಬಸ್ಸಿನವನನ್ನು ಯಾರು ಕೇಳಿದ್ದು?”

ಯಾರೂ ಕೇಳಿರಲಿಲ್ಲ. ಬಸ್ಸು ತೊಟ್ಟಿಕ್ಕುತ್ತಾ ಬಂದು, ದೋಣಿಯ ಎದುರಿಗೇ ನಿಂತು, ಹೋಗಿತ್ತು. ಉತ್ತರ ಕೊಡಬೇಕಾದವರು, “ಅಮ್ಮ ಕರೆಸ್ಕೊಂಡ್ಳು” ಎಂದು ಕೈಮುಗಿದರು. ಅಮ್ಮ ಕರೆಸಿಕೊಳ್ಳಲಿಲ್ಲ. ನೀವು ಕಳಿಸಿದಿರಿ. ಎರಡು ವರ್ಷ ಬಾಯಿ ಬಿಡದ ನಾನು, ಅಚ್ಚಿನಲ್ಲಿ ಉಳಿಯಲಿ ಎಂದು ಇಲ್ಲಿ ಬರೆದಿದ್ದೇನೆ.

ಗುತ್ತಿಗೆದಾರ ಓಡಿದ ಮೇಲೆ ಬೆಳ್ಳಿಯಪ್ಪನವರನ್ನು ಮತ್ತೆ ಕಡವಿಗೆ ತಂದರು. ಅವರು ಬಂದು, ಬಂಡೆಗೆ ಸುಣ್ಣ ಬಳಿದು, ನನ್ನನ್ನು ಕರೆಸಿ, ಬೈಯಲು ಶುರುಮಾಡಿದರು. ಈಗ ಸಮಿತಿಯ ಕರೆಯೋಲೆಯಲ್ಲಿ, ‘ಇವರ ಕಾಲದಲ್ಲಿ ಕಾವೇರಮ್ಮನ ಕೃಪೆಯಿಂದ ಒಂದು ಅವಘಡವೂ ನಡೆಯಲಿಲ್ಲ’ ಎಂದು ಅಚ್ಚಾಗಿದೆ. ಅಮ್ಮನ ಕೃಪೆ ಎಲ್ಲ ವರ್ಷವೂ ಒಂದೇ ಇತ್ತು ಸ್ವಾಮಿ. ಒಂದು ವರ್ಷ ಈ ಮನುಷ್ಯ ಇರಲಿಲ್ಲ.

ಅದೇ ಕರೆಯೋಲೆಯ ಕೆಳಗೆ ಇನ್ನೂ ಒಂದು ಸಾಲು ಇದೆ. ಶ್ರಾವಣದ ತುಂಬು ಹೊಳೆಯಲ್ಲಿ, ಶೃಂಗರಿಸಿದ ದೋಣಿಯಲ್ಲಿ, ನಡುನೀರಿನಲ್ಲಿ ಅವರಿಗೆ ಶಾಲು ಹೊದಿಸುವುದಂತೆ; ಲಿಂಗಮ್ಮನ ಮಗಳು ಕಾಂತಮ್ಮ, ತಾಯಿಯ ಜಾಗದಲ್ಲಿ ಕೂತು ಬಾಗಿನ ಬಿಡುವುದಂತೆ. ಕಾಂತ ಬಂದು, “ಮಾವ, ಊರೇ ಕರಿತಾ ಐತೆ, ಹೆಂಗೆ ಒಲ್ಲೆ ಅನ್ನಲಿ?” ಎಂದು ಅತ್ತಳು. ಬೆಳ್ಳಿಯಪ್ಪನವರು ಅಲ್ಲೇ ಇದ್ದರು. “ನೀನು ಅನ್ನೋದು ಬೇಡಮ್ಮ, ನಾನು ಅಂತೀನಿ” ಎಂದು ಪಟೇಲರ ಮನೆಗೇ ಹೋದರು. ಪಟೇಲರು ನಕ್ಕು, “ಒಂದಿನ ಬಯ್ಯದೆ ಕೂತ್ಕಳಿ ಸ್ವಾಮಿ, ಫೋಟೋ ತೆಗೆಸ್ತೀವಿ” ಎಂದರಂತೆ. “ಫೋಟೋದಲ್ಲಿ ನೀರು ಎಷ್ಟಿದೆ ಅಂತ ಕಾಣ್ತದಾ?” ಎಂದು ಇವರು ಎದ್ದು ಬಂದರು.

ಕಾಂತ ದೋಣಿ ಹತ್ತುವುದಿಲ್ಲ. ಇದು ಅವಳ ಸೋದರಮಾವನ ಮಾತು. ಅವಳು ಮೆಟ್ಟಿಲ ಮೇಲೆ ನಿಂತು, ತಾಯಿಯ ಹೆಸರು ಹೇಳಿ, ಬಾಗಿನ ಕೊಡುತ್ತಾಳೆ. ನಾನೂ ಆ ದಿನ ಗಳ ಮುಟ್ಟುವುದಿಲ್ಲ. ಈ ಊರಿನಲ್ಲಿ ತುಂಬು ಹೊಳೆಗೆ ದೋಣಿ ಬಿಡಬಲ್ಲವನು ಈಗ ನಾನೊಬ್ಬನೇ ಎನ್ನುವುದು ಸಮಿತಿಗೆ ತಿಳಿದಿದೆ.

ಮಾನ್ಯ ಬೆಳ್ಳಿಯಪ್ಪನವರಿಗೆ ಕಾವೇರಮ್ಮನು ನೂರು ಮಳೆಗಾಲ ಕೊಡಲಿ, ಗಂಟಲು ಹೀಗೇ ಇರಲಿ, ಸಂಬಳವಿಲ್ಲದಿದ್ದರೂ ಬೆಳಗ್ಗೆ ಬಸ್ಸಿನ ಹೊತ್ತಿಗೆ ದಡಕ್ಕೆ ಬಂದು ನಮ್ಮನ್ನು ಬೈಯುವ ಕೆಲಸ ಮುಂದುವರಿಸಲಿ ಎಂದು ಬೇಡುತ್ತೇನೆ. ದೋಣಿಗೆ ಹೂ ಕಟ್ಟಿ ಪಟೇಲರೆ, ಬಾಳೆಕಂದು ನಿಲ್ಲಿಸಿ, ಅವರನ್ನು ಅದರಲ್ಲೇ ಕೂರಿಸಿ ಶಾಲು ಹೊದಿಸಿ, ಬೇಡವೆನ್ನೆ. ದೋಣಿಯನ್ನು ಮೊದಲು ದಡದ ಮೇಲಕ್ಕೆ ಎಳೆಯಿರಿ. ಎಳೆಯಲು ನಾನು ಬರುತ್ತೇನೆ.