ಗಂಜಿಗೆ ಹೋದ ನೂಲು

ಹಿರಿಯೂರಿನಲ್ಲಿ ನಮ್ಮದು ಕಂಬಳಿ ನೇಯಿಸಿ ಮಾರುವ ವ್ಯಾಪಾರ. ಅಂಗಡಿಯ ಲೆಕ್ಕದ ವರದಿ ತೆಗೆಯುವ ಹಳೆಯ ಸಾಫ್ಟ್‌ವೇರ್ ಬಿಟ್ಟು ಹೊಸದು ಹಾಕೋಣವೆಂದು ಮೊಮ್ಮಗಳು, ಬೇಡವೆಂದು ಮಗ. ಬೇಸಿಗೆಯಿಡೀ ಇದೇ ಜಗಳ ಕೇಳಿ ನನಗೆ ಸಾಕುಸಾಕಾಗಿತ್ತು. ಕಡೆಗೆ ತೀರ್ಮಾನವನ್ನು ನನ್ನ ತಲೆಗೇ ಕಟ್ಟಿದರು. ನಾನೋ ಓದು ಬರದವಳು. ವರದಿಯನ್ನು ಯಾರಾದರೂ ಓದಿ ಹೇಳಬೇಕು.

"ಹಳೇದು ಕೈಗೆ ಹತ್ತೈತೆ ಕಣವ್ವ, ಹೊಸದರ ತಂಟೆ ಬ್ಯಾಡ," ಎಂದ ಮಗ.

"ಅದನ್ನ ನಂಬ್ಕಂಡು ನೂಲಿನ ಮೇಲೆ ನೂಲು ತಂದು ಅಟ್ಟ ತುಂಬ್ಸಿದೀಯಲ್ಲಪ್ಪ!" ಎಂದಳು ಮೊಮ್ಮಗಳು.

ಅದು ನಿಜವೇ. ನೇಯುವ ಮೊದಲು ನೂಲಿಗೆ ಹುಣಸೆಬೀಜದ ಗಂಜಿ ಹಾಕಿಸಲು ಪಕ್ಕದ ಊರು ಆದಿವಾಲದ ಮನೆಗಳಿಗೆ ಕಳಿಸುತ್ತೇವೆ. ಹಾಗೆ ಹೋದದ್ದನ್ನೆಲ್ಲ ಹಳೆಯ ವರದಿ ಖರ್ಚಾಯಿತೆಂದೇ ತೋರಿಸುತ್ತಿತ್ತು; ನೂಲು ಮುಗಿಯಿತೆಂದು ಮಗ ಮತ್ತೆ ತರುತ್ತಿದ್ದ.

"ಗಂಜಿಗೆ ಹೋಗಿರೋ ನೂಲು ನಿನ್ನ ಹೊಸದ್ರಾಗೆ ಎಲ್ಲೈತೆ, ತೋರ್ಸು ನೋಡಾಣ," ಎಂದೆ.

ಅವಳ ಮುಖ ಸಣ್ಣಗಾಯಿತು. ಅದರಲ್ಲೂ ಇರಲಿಲ್ಲ.

"ಮುಗೀತಲ್ಲ, ಉಣ್ಣಾಕೆ ಹೋಗಾಣ," ಎಂದು ಮಗ ಎದ್ದ. ಅವಳು ಏಳಲಿಲ್ಲ. ಕಂಪ್ಯೂಟರಿನ ಮುಂದೆ ಕೂತು ಏನೇನೋ ಒತ್ತಿದಳು, ಅಳಿಸಿದಳು, ಮತ್ತೆ ಒತ್ತಿದಳು. ನನಗೆ ತೂಕಡಿಕೆ ಬಂದಿತ್ತು.

"ಅಜ್ಜಿ, ಈಗ ನೋಡು."

ಪರದೆಯ ಮೇಲೆ ಕರಿ ನೂಲಿಗೆ ಕರಿ ಪಟ್ಟಿ, ಬಿಳಿ ನೂಲಿಗೆ ಬಿಳಿ ಪಟ್ಟಿ; ಗಂಜಿಗೆ ಹೋದಷ್ಟಕ್ಕೆ ತುದಿಯಲ್ಲಿ ಹುಣಸೆಬೀಜದ ಬಣ್ಣ. ಯಾರೂ ಓದಿ ಹೇಳಲಿಲ್ಲ, ನನಗೇ ತಿಳಿಯಿತು.

"ಲೇ, ಕರಿ ನೂಲು ಆದಿವಾಲದಾಗೇ ರಾಶಿ ಐತೆ, ಮತ್ತೆ ತರಬ್ಯಾಡ!" ಎಂದು ಮಗನಿಗೆ ಕೂಗಿದೆ. ನೋಯುವ ಸೊಂಟ ಹಿಡಿದುಕೊಂಡೇ ಎದ್ದು ಮೊಮ್ಮಗಳನ್ನು ತಬ್ಬಿಕೊಂಡು, "ಬದಲಾಯಿಸ್ರಿ," ಎಂದೆ. ಸಂತೋಷಕ್ಕೆ ಊಟವೇ ಸೇರಲಿಲ್ಲ.